ಮನೆವಾರ್ತೆ: ಕಡಲಾಚೆಯ ಮನೆಗೆ ಗೊಂಬೆಗಳನ್ನು ಕಳುಹಿಸುವ ವಿಚಾರ

ಹೋದ ತಿಂಗಳು ಈ ಪುಟಗಳಲ್ಲಿ ಮಳೆಗಾಲದ ತೇವದಿಂದ ಬಟ್ಟೆಬರೆಗಳನ್ನೂ ಕಾಳುಕಡಿಗಳನ್ನೂ ಕಾಪಾಡಿಕೊಳ್ಳುವ ಕ್ರಮವನ್ನು ಕುರಿತು ಬರೆದಿದ್ದೆವು. ಅದನ್ನೋದಿದ ಸೋದರಿಯರೊಬ್ಬರು, ಪರದೇಶದಲ್ಲಿ ನೆಲಸಿರುವ ತಮ್ಮ ಮಗಳಿಗೆ ದಸರೆಯ ಗೊಂಬೆಗಳನ್ನೂ ಅವುಗಳನ್ನಿಡುವ ಗಾಜಿನ ಬೀರುವನ್ನೂ ಕಳುಹಿಸಬೇಕೆಂದಿರುವುದಾಗಿಯೂ, ಹೇಗೆ ಕಟ್ಟಿದರೆ ಒಡೆಯದೆ ಸೇರೀತೆಂಬುದನ್ನು ತಿಳಿಸಬೇಕಾಗಿಯೂ ಬರೆದು ಕೇಳಿದ್ದಾರೆ. ಇದಕ್ಕೆ ಉತ್ತರವನ್ನು ನಾವು ಹೊರಗೆಲ್ಲೂ ಹುಡುಕಬೇಕಾಗಿಲ್ಲ. ನಾವೇ ಒಂದು ಸಲ ಕಳುಹಿಸಿ ಕೆಟ್ಟಿದ್ದೇವೆ, ಮತ್ತೊಂದು ಸಲ ಕಳುಹಿಸಿ ಸುಧಾರಿಸಿಕೊಂಡಿದ್ದೇವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮ ವಿಷಯದಲ್ಲಿ ನಿಜವಾಯಿತು. ನಮ್ಮ ವಾಚಕರಿಗಾದರೂ ಅಡಿಗೆಗೆ ಮೊದಲೇ ಒಲೆ ಉರಿಯಲೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಹಿರಿಯ ಮಗಳ ಸಂಸಾರ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿದೆ. ಅವಳಿಗೊಬ್ಬಳು ಹೆಣ್ಣುಮಗುವಾಗಿ, ಆ ಮಗು ಗೊಂಬೆಗಳನ್ನು ಕಂಡು ಕುಣಿಯುವ ವಯಸ್ಸಿಗೆ ಬಂದಾಗ, "ಅಮ್ಮ, ಅಜ್ಜಿಯ ಗೊಂಬೆಗಳಲ್ಲಿ ಅರ್ಧವನ್ನಾದರೂ ನನಗೆ ಕಳುಹಿಸಿಕೊಡಿ, ಇಲ್ಲಿಯೂ ಗೊಂಬೆ ಕೂರಿಸುತ್ತೇನೆ" ಎಂದು ಕೇಳಿದಳು. ಅಜ್ಜಿಯೆಂದರೆ ನಮ್ಮ ಅತ್ತೆಯವರು. ಅವರು ಮದುವೆಯಾಗಿ ಬಂದಂದಿನಿಂದ ವರ್ಷಕ್ಕೊಂದೆರಡರಂತೆ ಕೂಡಿಸಿದ ಮಣ್ಣಿನ ಗೊಂಬೆಗಳು ನಮ್ಮ ಅಟ್ಟದ ಮೇಲಿನ ಮೂರು ಪೆಟ್ಟಿಗೆಗಳಲ್ಲಿದ್ದುವು. ಅವುಗಳಲ್ಲೆಲ್ಲ ಮೊಮ್ಮಕ್ಕಳಿಗೆ ಅಚ್ಚುಮೆಚ್ಚಿನದು ಶೆಟ್ಟರ ಅಂಗಡಿ. ದೊಡ್ಡ ಹೊಟ್ಟೆಯ ಶೆಟ್ಟಿ, ಪಕ್ಕದಲ್ಲಿ ಶೆಟ್ಟಮ್ಮ, ಮುಂದೆ ಪುಟ್ಟ ತಕ್ಕಡಿ, ಸುತ್ತಲೂ ಅಕ್ಕಿ, ಬೇಳೆ, ಬೆಲ್ಲದ ರಾಶಿಗಳು. ಅದನ್ನು ಕಾಣದ ಮಕ್ಕಳು ನಮ್ಮ ಕಡೆಯಲ್ಲಿ ವಿರಳವಷ್ಟೆ.

ನಾವು ಅತ್ತೆಯವರು ಕಟ್ಟುತ್ತಿದ್ದಂತೆಯೇ ಕಟ್ಟಿದೆವು. ಮಾವಿನ ಹಲಗೆಯ ಪೆಟ್ಟಿಗೆ, ಅದರೊಳಗೆ ಒಣಗಿದ ಭತ್ತದ ಹುಲ್ಲು, ಹುಲ್ಲಿನ ನಡುವೆ ಹಳೆಯ ಪತ್ರಿಕೆಗಳಲ್ಲಿ ಸುತ್ತಿದ ಗೊಂಬೆಗಳು. ಮೊಮ್ಮಗಳಿಗೆ ಅಂಗಡಿಯನ್ನು ಹೂಡಲು ಅನುಕೂಲವಾಗಲೆಂದು ಕಾಳುಗಳ ಸಣ್ಣ ಪೊಟ್ಟಣಗಳನ್ನೂ ಇಟ್ಟೆವು. ಆ ದೇಶದ ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ತಡೆಯಲ್ಪಟ್ಟಿತು. ಹುಲ್ಲು, ಕಾಳು, ಹಲಗೆ ಮೂರೂ ಅಲ್ಲಿ ನಿಷಿದ್ಧ ಅಥವಾ ಸಂದೇಹಾಸ್ಪದವಾದ ವಸ್ತುಗಳು. ಹುಲ್ಲನ್ನೂ ಕಾಳನ್ನೂ ನಾಶಮಾಡಿದರು. ಅದರ ಖರ್ಚನ್ನು ನಮ್ಮ ಮಗಳೇ ತೆತ್ತಳು. ಹುಲ್ಲಿಲ್ಲದೆ ಸಡಿಲವಾಗಿ ಮರಳಿ ತುಂಬಿದ ಪೆಟ್ಟಿಗೆ ಮನೆ ಮುಟ್ಟುವ ಹೊತ್ತಿಗೆ ಶೆಟ್ಟಿಯ ಕತ್ತು ಮುರಿದಿತ್ತು. ಶೆಟ್ಟಮ್ಮ ಮಾತ್ರ ಕ್ಷೇಮವಾಗಿದ್ದಳು. ಇದರಲ್ಲಿ ಅಲ್ಲಿಯವರ ದೋಷವೇನೂ ಇಲ್ಲ. ತಮ್ಮ ಹೊಲಗಳನ್ನೂ ಕಾಡುಗಳನ್ನೂ ಪರದೇಶದ ಕೀಟರೋಗಗಳಿಂದ ಕಾಪಾಡಿಕೊಳ್ಳುವುದು ಅವರ ಧರ್ಮ. ಕೇಳಿ ತಿಳಿದುಕೊಳ್ಳದೆ ಕಳುಹಿಸಿದುದು ನಮ್ಮ ತಪ್ಪು.

ಆದುದರಿಂದ ಮೊದಲನೆಯ ಮಾತು ಕಟ್ಟುವುದಲ್ಲ. ಯಾವುದನ್ನು ಕಳುಹಿಸಬಹುದು, ಯಾವುದನ್ನು ಕೂಡದು ಎಂದು ಬೇರ್ಪಡಿಸುವುದು. ಸಾಮಾನು ಸೇರತಕ್ಕ ದೇಶದ ನಿಯಮಗಳನ್ನು ಆ ಸರಕಾರದ ಪ್ರಕಟಣೆಗಳಿಂದಲೇ ಓದಿಕೊಳ್ಳಬೇಕು. ನಮ್ಮ ದೇಶದ ನಿಯಮಗಳೂ ಇವೆ. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಅಧಿನಿಯಮದಂತೆ ನೂರು ವರ್ಷಗಳಿಗೆ ಕಡಮೆಯಿಲ್ಲದ ವಿಗ್ರಹ, ಚಿತ್ರ, ಕರಕುಶಲದ ವಸ್ತು ಮುಂತಾದುವನ್ನು ಖಾಸಗಿಯವರು ದೇಶದ ಹೊರಕ್ಕೆ ಒಯ್ಯಲಾಗದು. ಹಸ್ತಪ್ರತಿಗಳಿಗೆ ಈ ಮಿತಿ ೭೫ ವರ್ಷ. ವಸ್ತುವು ಹಳೆಯದಾಗಿ ಕಾಣುತ್ತಿದ್ದರೆ, ಅದು ಪ್ರಾಚ್ಯವಸ್ತುವಲ್ಲವೆಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರಿಂದ ಪರೀಕ್ಷೆ ಮಾಡಿಸಿ ಪತ್ರ ಪಡೆಯುವುದು ಕ್ಷೇಮ. "ಇದು ನಮ್ಮ ಮುತ್ತಜ್ಜಿಯ ಕಾಲದ್ದು" ಎಂದು ಹೆಮ್ಮೆಯಿಂದ ಹೇಳುವ ಮಾತೇ ಬಂದರಿನಲ್ಲಿ ತೊಡಕಾದೀತು.

ಎರಡನೆಯದು ಮರದ ಜಾತಿ. ಮೈಸೂರಿನ ಕೆತ್ತನೆ ಕೂಡಿಸಿದ ಬೀಟೆಯ ಪೀಠೋಪಕರಣಗಳು ನಮ್ಮಲ್ಲಿ ಅನೇಕರ ಮನೆಯಲ್ಲಿರುವುವು. ಸೈಟಿಸ್ ಎಂದು ಹೆಸರಾದ ಅಂತರರಾಷ್ಟ್ರೀಯ ಒಡಂಬಡಿಕೆಯು ಬೀಟೆಯ ಕುಲದ ಮರಗಳೆಲ್ಲವನ್ನೂ ೨೦೧೭ರ ಜನವರಿ ೨ರಿಂದ ತನ್ನ ಎರಡನೆಯ ಪಟ್ಟಿಯಲ್ಲಿ ಸೇರಿಸಿತು. ೨೦೨೨ರಲ್ಲಿ ಪನಾಮಾದಲ್ಲಿ ಸೇರಿದ ಸಭೆಯಲ್ಲಿ, ಸಿದ್ಧವಸ್ತು ಒಂದೊಂದರಲ್ಲಿಯೂ ಇರುವ ಬೀಟೆಯ ತೂಕ ೧೦ ಕಿಲೋಗ್ರಾಮಿಗಿಂತ ಕಡಮೆಯಾಗಿದ್ದರೆ ಆ ಅನುಮತಿಪತ್ರ ಬೇಡವೆಂಬುದು ಸ್ಪಷ್ಟವಾಯಿತು. ಎಂದರೆ ಗೋಡೆಗೆ ತೂಗುಹಾಕುವ ಸಣ್ಣ ಫಲಕಕ್ಕೂ ಆಭರಣದ ಕರಡಿಗೆಗೂ ಇರುವ ಸೌಲಭ್ಯ ಬೀಟೆಯ ದೊಡ್ಡ ಬೀರುವಿಗಿಲ್ಲ. ಹಳೆಯ ಮೈಸೂರು ಕೆಲಸದಲ್ಲಿ ಬಿಳಿಯ ಭಾಗಗಳು ಆನೆಯ ದಂತದವಾಗಿದ್ದರಂತೂ ಅದನ್ನು ಕಳುಹಿಸುವ ಆಲೋಚನೆಯನ್ನೇ ಬಿಡತಕ್ಕದ್ದು. ತೇಗದ ಮರಕ್ಕೆ ಸೈಟಿಸ್‌ನ ಈ ತೊಡಕಿಲ್ಲ. ಆದರೆ ತೊಗಟೆ, ಹುಳುವಿನ ತೂತು, ಮಣ್ಣು ಯಾವುದೂ ಇಲ್ಲದಂತೆ ಶುಚಿಯಾಗಿರಬೇಕು.

ಮೂರನೆಯದು ನಮ್ಮ ಮನಸ್ಸಿಗೆ ಅತ್ಯಂತ ಕಷ್ಟವಾದುದು. ಹೆಣ್ಣುಮಗಳಿಗೆ ಮದುವೆಯಲ್ಲಿ ತವರಿನವರು ಪಟ್ಟದ ಗೊಂಬೆಗಳನ್ನು ಕೊಡುವುದು ನಮ್ಮ ರೂಢಿ. ರಾಜರಾಣಿಯರ ಆ ಜೋಡಿಯನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸದೆ ಬೇರೆ ಗೊಂಬೆಗಳನ್ನಿಡುವ ಹಾಗಿಲ್ಲ. ನಮ್ಮ ಮಗಳಿಗೆ ಕೊಟ್ಟ ಜೋಡಿ ರಕ್ತಚಂದನದ್ದು. ರಕ್ತಚಂದನದ ರಫ್ತನ್ನು ನಮ್ಮ ಸರಕಾರವು ಕಟ್ಟುನಿಟ್ಟಾಗಿ ತಡೆದಿದೆ. ಬಟ್ಟೆಯ ನಡುವೆ ಸುತ್ತಿ ಇಟ್ಟರೆ ಯಾರಿಗೆ ತಿಳಿದೀತು ಎಂದವರೂ ಇದ್ದರು. ಕ್ಷ-ಕಿರಣದ ಯಂತ್ರಕ್ಕೆ ತಿಳಿಯುವುದೆಂಬುದು ಒಂದು ಮಾತು. ಮೊಮ್ಮಗಳ ಮೊದಲ ಹಬ್ಬವನ್ನು ಸುಳ್ಳು ಘೋಷಣೆಯ ಮೇಲೆ ಹೂಡಕೂಡದೆಂಬುದು ಅದಕ್ಕಿಂತ ದೊಡ್ಡ ಮಾತು. ನಮ್ಮ ಯಜಮಾನರು, "ಆ ಜೋಡಿ ಇಲ್ಲಿಯೇ ಇರಲಿ, ಅದು ಅವಳ ತವರಿನ ಗುರುತಲ್ಲವೇ, ತವರಿನಲ್ಲಿಯೇ ಇರಲಿ" ಎಂದರು. ಬೇರೆ ಸಾಧಾರಣ ಮರದ ಹೊಸ ಜೋಡಿಯೊಂದನ್ನು ಕೊಂಡೆವು. ಅತ್ತೆಯವರ ಹರಿದ ರೇಷ್ಮೆ ಸೀರೆಯೊಂದರ ಸೆರಗಿನಿಂದ ಅವಕ್ಕೆ ಉಡಿಗೆ ಹೊಲಿದೆವು.

ಇನ್ನು ಕಟ್ಟುವ ಕ್ರಮ. ಮಣ್ಣಿನ ಗೊಂಬೆ ಒಡೆಯುವುದು ಹೊಟ್ಟೆಯಲ್ಲಲ್ಲ. ಕತ್ತು, ಮಣಿಕಟ್ಟು, ಕಿರೀಟ, ಕೊಳಲು, ಕೊಡೆ ಇಂಥ ಚಾಚಿಕೊಂಡ ಭಾಗಗಳಲ್ಲಿ. ಆದ್ದರಿಂದ ಮೊದಲು ಆ ಸಂದುಗಳನ್ನು ಮೆತ್ತನೆಯ ತೆಳುಕಾಗದದ ಉಂಡೆಗಳಿಂದ ತುಂಬಿ, ಗೊಂಬೆಯ ಆಕಾರವೇ ಒಂದು ಮೊಟ್ಟೆಯಂತಾಗುವವರೆಗೆ ಸುತ್ತಬೇಕು. ಬಣ್ಣಕ್ಕೆ ತಗಲುವ ಮೊದಲನೆಯ ಪದರ ಅಚ್ಚಿಲ್ಲದ ಬಿಳಿಯ ಕಾಗದವಾಗಿರಬೇಕು. ಪತ್ರಿಕೆಯ ಮಸಿ ಬಣ್ಣಕ್ಕೆ ಹತ್ತುವುದು. ಗುಳ್ಳೆಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಸುತ್ತಿದರೆ ಸೆಕೆಯಲ್ಲಿ ಗುಳ್ಳೆಯ ಗುರುತು ಬಣ್ಣದ ಮೇಲೆ ಮೂಡುವುದು. ಅದನ್ನು ಎರಡನೆಯ ಪದರವಾಗಿ ಉಪಯೋಗಿಸಬಹುದು.

ಹೀಗೆ ಸುತ್ತಿದ ಗೊಂಬೆಗಳನ್ನು ಒಂದೊಂದಾಗಿ ಸಣ್ಣ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು, ಆ ಸಣ್ಣವುಗಳನ್ನೆಲ್ಲ ಒಂದು ದೊಡ್ಡ ಪೆಟ್ಟಿಗೆಯಲ್ಲಿಡಬೇಕು. ಎರಡರ ನಡುವೆ ಎಲ್ಲ ಕಡೆಯೂ ಎರಡು ಅಂಗುಲದಷ್ಟು ತೆರಪು ಬಿಟ್ಟು ಅದನ್ನು ಮೆತ್ತನೆಯ ಕಾಗದದಿಂದ ತುಂಬಬೇಕು. ಹೊರಗಿನ ಪೆಟ್ಟಿಗೆಗೆ ಬಿದ್ದ ಪೆಟ್ಟು ಆ ತೆರಪಿನಲ್ಲಿಯೇ ಅಡಗುವುದು. ಭಾರವಾದುದು ಕೆಳಗೆ, ಹಗುರವಾದುದು ಮೇಲೆ. ಪಿಂಗಾಣಿಯ ತಟ್ಟೆಗಳಿದ್ದರೆ ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ಒಬ್ಬ ಆಳು ಸುಲಭವಾಗಿ ಎತ್ತಲಾರದ ಪೆಟ್ಟಿಗೆಯನ್ನು ಕಟ್ಟಲೇ ಕೂಡದು. ಎತ್ತಲಾರದುದನ್ನು ಯಾರಾದರೂ ಬೀಳಿಸಿಯೇ ಬಿಡುತ್ತಾರೆ. ಕಟ್ಟಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ. ಒಳಗೆ ಸಪ್ಪಳವಾದರೆ ಬಿಚ್ಚಿ ಮತ್ತೆ ತುಂಬಿ. ನಾವು ಎರಡನೆಯ ಸಲ ಹೀಗೆ ನಾಲ್ಕು ಬಾರಿ ಬಿಚ್ಚಿದೆವು.

ಬೀರುವಿನ ಮಾತು. ನಮ್ಮ ತೇಗದ ಬೀರು ಎರಡು ಗಾಜಿನ ಬಾಗಿಲುಗಳದು. ಬೀರುವನ್ನು ಬೀರುವಾಗಿ ಕಳುಹಿಸಿದರೆ ಬರಿಯ ಗಾಳಿಗೆ ಕೂಲಿ ಕೊಟ್ಟಂತೆ. ಬಡಗಿಯನ್ನು ಕರೆಯಿಸಿ ಬಾಗಿಲು, ಅಡ್ಡಹಲಗೆ, ಕಾಲು, ಹಿಂಬದಿ ಎಲ್ಲವನ್ನೂ ಬಿಚ್ಚಿಸಿ, ಒಂದೊಂದು ತುಂಡಿಗೂ ಅಂಕಿ ಬರೆಯಿಸಿ, ತಿರುಪುಗಳನ್ನು ಚೀಲದಲ್ಲಿ ಹಾಕಿ ಅವು ಸೇರತಕ್ಕ ಹಲಗೆಗೇ ಕಟ್ಟಿಸಿದೆವು. ಗಾಜನ್ನು ತೆಗೆಯಿಸಿಬಿಟ್ಟೆವು, ಅಳತೆಯನ್ನು ಮಾತ್ರ ಮಗಳಿಗೆ ಬರೆದು ಕಳುಹಿಸಿದೆವು, ಅವಳು ಅಲ್ಲಿಯೇ ಕೊಯ್ಯಿಸಿ ಹಾಕಿಸಿಕೊಂಡಳು. ಹಳೆಯ ಕೆತ್ತಿದ ಗಾಜಾಗಿದ್ದು ಕಳುಹಿಸಲೇಬೇಕಾದರೆ, ಅದರ ಮೇಲೆ ಅಡ್ಡಾದಿಡ್ಡಿಯಾಗಿ ಅಂಟುಪಟ್ಟಿ ಹಚ್ಚಿ, ಎರಡು ಕಡೆಯೂ ದಪ್ಪ ರಟ್ಟಿಟ್ಟು, ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು. ಅಂಟುಪಟ್ಟಿ ಗಾಜನ್ನು ಒಡೆಯದಂತೆ ತಡೆಯಲಾರದು. ಒಡೆದರೆ ಚೂರುಗಳು ಹರಡಿ ಕೈ ಕೊಯ್ಯದಂತೆ ಹಿಡಿದಿಡುವುದು.

ಮೆರುಗಿನ ಮರಕ್ಕೆ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತುವುದು ಎಲ್ಲರೂ ಮಾಡುವ ತಪ್ಪು. ಸೆಕೆಗೆ ಮೆರುಗು ಅದಕ್ಕೆ ಅಂಟಿಕೊಳ್ಳುವುದು, ಒಳಗಿನ ತೇವ ಹೊರಹೋಗದು. ಮೊದಲು ಹತ್ತಿಯ ಬಟ್ಟೆ, ಆ ಮೇಲೆ ರಟ್ಟು, ಮೂಲೆಗಳಿಗೆ ಇಮ್ಮಡಿ ರಟ್ಟು.

ಹೊರಗಿನ ಮರದ ಪೆಟ್ಟಿಗೆಯ ವಿಷಯವಾಗಿ ಅಂತರರಾಷ್ಟ್ರೀಯ ಕಟ್ಟಳೆಯೊಂದಿದೆ. ಹಲಗೆಯ ತಿರುಳಿನವರೆಗೂ ೫೬ ಡಿಗ್ರಿ ಸೆಲ್ಸಿಯಸ್ ಉಷ್ಣ ಮುಟ್ಟಿ ೩೦ ನಿಮಿಷ ನಿಲ್ಲುವಂತೆ ಕಾಯಿಸಿರಬೇಕು, ಇಲ್ಲವೆ ಒಪ್ಪಿತವಾದ ಬೇರೊಂದು ವಿಧಾನದಿಂದ ಸಂಸ್ಕರಿಸಿರಬೇಕು. ಹಾಗೆ ಮಾಡಿದುದಕ್ಕೆ ಗೋಧಿಯ ತೆನೆಯ ಚಿತ್ರವುಳ್ಳ ಮುದ್ರೆಯನ್ನು ಪೆಟ್ಟಿಗೆಯ ಮೇಲೆ ಒತ್ತಿರಬೇಕು. ಪದರಗಳನ್ನು ಅಂಟುಹಾಕಿ ಕಾಯಿಸಿ ಒತ್ತಿ ತಯಾರಿಸಿದ ಪ್ಲೈವುಡ್ಡಿಗೆ ಈ ಕಟ್ಟಳೆಯಿಲ್ಲ. ಆದಕಾರಣ ಎರಡನೆಯ ಸಲ ನಾವು ಮಾವಿನ ಹಲಗೆಯನ್ನು ಬಿಟ್ಟು ಪ್ಲೈವುಡ್ಡಿನ ಪೆಟ್ಟಿಗೆಯನ್ನೇ ಮಾಡಿಸಿದೆವು.

ಹಡಗಿನ ಪ್ರಯಾಣದಲ್ಲಿ ಪೆಟ್ಟಿಗೆಯ ಶತ್ರು ಅಲೆಯೊಂದೇ ಅಲ್ಲ, ಬೆವರೂ ಹೌದು. ನಮ್ಮ ಬಂದರಿನ ಬಿಸಿಯಾದ ತೇವದ ಗಾಳಿ ಉಕ್ಕಿನ ಕಂಟೇನರಿನೊಳಗೆ ಸೆರೆಯಾಗಿ ಹೋಗುವುದು. ಹಡಗು ತಂಪಾದ ಸಮುದ್ರವನ್ನು ಮುಟ್ಟಿದಾಗ ಉಕ್ಕಿನ ಚಾವಣಿ ತಣ್ಣಗಾಗಿ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ನೀರು ಕೂಡುವಂತೆ ಅಲ್ಲಿಯೂ ಹನಿ ಕೂಡಿ ಕೆಳಗಿನ ಸಾಮಾನಿನ ಮೇಲೆ ತೊಟ್ಟಿಕ್ಕುವುದು. ಆದ್ದರಿಂದ ಗೊಂಬೆಗಳನ್ನೂ ಮರವನ್ನೂ ಚೆನ್ನಾಗಿ ಒಣಗಿದ ದಿನಗಳಲ್ಲಿ ಕಟ್ಟಬೇಕು. ಒಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನಿಡಬೇಕು. ಪೆಟ್ಟಿಗೆ ಸೇರಿದ ಮೇಲೆಯೂ ಆತುರ ಕೂಡದು. ನಮ್ಮ ಹವೆಗೆ ಒಗ್ಗಿದ ಮರವನ್ನು ಬಿಸಿಗಾಳಿಯ ಯಂತ್ರದ ಎದುರಿಗೆ ಒಮ್ಮೆಗೇ ಇಟ್ಟರೆ ಒಣಗಿ ಸೀಳುವುದು.

ವೆಚ್ಚದ ಲೆಕ್ಕ ಹೀಗೆ. ವಿಮಾನದ ಸರಕಿನಲ್ಲಿ ತೂಕವಲ್ಲದೆ ಗಾತ್ರವನ್ನೂ ಅಳೆಯುತ್ತಾರೆ. ಸಾಮಾನ್ಯವಾಗಿ ೬೦೦೦ ಘನ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಎಂದೆಣಿಸಿ, ನಿಜವಾದ ತೂಕ, ಎಣಿಸಿದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ತೆಗೆದುಕೊಳ್ಳುವರು. ೬೦, ೫೦, ೪೦ ಸೆಂಟಿಮೀಟರುಗಳ ಪೆಟ್ಟಿಗೆಯಲ್ಲಿ ಎಂಟು ಕಿಲೋ ಗೊಂಬೆಗಳಿದ್ದರೂ ೨೦ ಕಿಲೋವಿನ ಕೂಲಿ ತೆರಬೇಕಾಗುವುದು. ಹಡಗಿನಲ್ಲಿ ಘನ ಮೀಟರಿನ ಲೆಕ್ಕ. ಇಪ್ಪತ್ತು ಅಡಿಯ ಕಂಟೇನರು ಸುಮಾರು ೩೩ ಘನ ಮೀಟರು ಹಿಡಿಯುವುದು. ಸಂಸಾರಸ್ಥರಿಗೆ ಅಷ್ಟು ಬೇಡವಾದುದರಿಂದ ಹಲವರ ಸಾಮಾನುಗಳೊಡನೆ ಪಾಲಿನಲ್ಲಿ ಕಳುಹಿಸುವುದುಂಟು. ಆಗ ನಮ್ಮ ಪೆಟ್ಟಿಗೆಯನ್ನು ಗೋದಾಮುಗಳಲ್ಲಿ ಅನೇಕ ಸಲ ಎತ್ತಿ ಇಳಿಸುವರೆಂಬುದನ್ನು ಮರೆಯದೆ ಗಟ್ಟಿಯಾಗಿ ಕಟ್ಟಬೇಕು. ಹಬ್ಬಕ್ಕೆ ಸೇರಬೇಕಾದ ಸಾಮಾನು ಮೂರು ತಿಂಗಳು ಮುಂಚೆ ಮನೆ ಬಿಡಲಿ. ನಾವು ಜ್ಯೇಷ್ಠದಲ್ಲಿಯೇ ಕಳುಹಿಸಿದೆವು.

ವಿಮೆಯ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಮನೆಯವರೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದುದಕ್ಕೆ ವಿಮೆಯವರು ಅನೇಕ ವೇಳೆ ಹಣ ಕೊಡುವುದಿಲ್ಲ. ಕರಾರಿನ ಆ ಸಾಲನ್ನು ರುಜು ಹಾಕುವ ಮೊದಲೇ ಓದಬೇಕು. ಪ್ರತಿಯೊಂದು ವಸ್ತುವಿನ ಛಾಯಾಚಿತ್ರವನ್ನೂ ಬೆಲೆಯ ಪಟ್ಟಿಯನ್ನೂ ಎರಡು ಪ್ರತಿ ಮಾಡಿ ಇಟ್ಟುಕೊಳ್ಳಬೇಕು.

ಎರಡನೆಯದು ಬಹು ಹಳೆಯ ಕಡಲ ನ್ಯಾಯ. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಒಬ್ಬನ ಸರಕನ್ನು ಕಡಲಿಗೆ ಎಸೆದರೆ, ಉಳಿದವರೆಲ್ಲರೂ ಆ ನಷ್ಟದಲ್ಲಿ ಪಾಲು ಹೊರಬೇಕೆಂಬುದು ರೋಮನರ ಕಾಲದಿಂದಲೂ ನಡೆದುಬಂದ ಪದ್ಧತಿ. ಇದು ಈಗಲೂ ಇದೆ. ೨೦೨೧ರ ಮಾರ್ಚ್ ೨೩ರಂದು ಎವರ್ ಗಿವನ್ ಎಂಬ ನಾನೂರು ಮೀಟರು ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿವಸ ದಾರಿಯನ್ನೇ ಮುಚ್ಚಿತು. ಅದನ್ನು ಬಿಡಿಸಿದ ವೆಚ್ಚಕ್ಕೆ ಈ ಪದ್ಧತಿಯಂತೆ ಒಳಗಿದ್ದ ಸರಕಿನ ಒಡೆಯರೆಲ್ಲರೂ ಪಾಲುಗಾರರೆಂದು ಸಾರಿದರು. ಹಡಗಿಗೆ ಈಜಿಪ್ಟಿನವರಿಂದ ಬಿಡುಗಡೆ ದೊರೆತುದು ಜುಲೈ ೭ರಂದು. ಅಂಥ ಹಡಗಿನಲ್ಲಿ ನಮ್ಮದೊಂದು ಪೆಟ್ಟಿಗೆಯಿದ್ದು, ಅದಕ್ಕೆ ಒಂದು ಗೀರೂ ಬೀಳದಿದ್ದರೂ, ಪಾಲಿನ ಹಣಕ್ಕೆ ಹೊಣೆ ಕೊಡದೆ ಅದನ್ನು ಬಿಡಿಸಿಕೊಳ್ಳಲಾಗದು. ಕಡಲ ವಿಮೆಯಿದ್ದರೆ ಆ ಹೊಣೆಯನ್ನು ವಿಮೆಯವರು ಹೊರುವರು. ಒಡೆಯುವ ಭಯವಿಲ್ಲದ ಸಾಮಾನಿಗೂ ವಿಮೆ ಬೇಕೆನ್ನುವುದು ಇದಕ್ಕಾಗಿ.

ಇಷ್ಟೆಲ್ಲ ಕೇಳಿದ ಮೇಲೆ, ಈ ಶ್ರಮಕ್ಕೆ ತಕ್ಕ ಫಲವುಂಟೇ, ಅಲ್ಲಿಯೇ ಹೊಸದನ್ನು ಕೊಳ್ಳಬಾರದೇ ಎಂದು ವಾಚಕರು ಕೇಳಬಹುದು. ಅನೇಕ ವಸ್ತುಗಳ ವಿಷಯದಲ್ಲಿ ಅದೇ ಸರಿ. ಮಂಚ, ಮೇಜು, ಗಾಜು, ಪಾತ್ರೆ ಇವು ಅಲ್ಲಿಯೂ ದೊರೆಯುವುವು. ಬೆಲೆ ಹೆಚ್ಚಿನದೆಂದು ಮಾತ್ರ ಒಂದನ್ನು ಕಳುಹಿಸಬೇಡಿ. ಅದು ಹೋದರೆ ಮತ್ತೊಂದು ದೊರೆಯದೆಂಬಂಥದನ್ನು ಮಾತ್ರ ಕಳುಹಿಸಿ. ಅದು ಒಡೆದೇ ಹೋದರೆ ಮನಸ್ಸು ತಡೆದೀತೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ತಡೆಯದೆಂದು ತೋರಿದುದು ಮನೆಯಲ್ಲಿಯೇ ಇರಲಿ.

ಎರಡನೆಯ ಸಲದ ಪೆಟ್ಟಿಗೆಗಳು ಭಾದ್ರಪದದಲ್ಲಿ ಮಗಳ ಮನೆ ಸೇರಿದುವು. ಹದಿನೇಳು ಗೊಂಬೆಗಳಲ್ಲಿ ಒಂದಕ್ಕೂ ಊನವಾಗಿರಲಿಲ್ಲ. ಬೀರುವಿನ ಒಂದು ಕಾಲು ಕೊಂಚ ಗೀರಿತ್ತು, ಅಷ್ಟೆ. ನವರಾತ್ರಿಯ ಮೊದಲನೆಯ ದಿನ ದೂರವಾಣಿಯ ತೆರೆಯಲ್ಲಿ ಅವಳು ನಮಗೆ ಮೆಟ್ಟಿಲುಗಳನ್ನು ಒಂದೊಂದಾಗಿ ತೋರಿಸಿದಳು. ಮೇಲೆ ಅಜ್ಜಿಯ ಸೆರಗನ್ನುಟ್ಟ ಹೊಸ ಪಟ್ಟದ ಗೊಂಬೆಗಳು. ಇತ್ತ ನಮ್ಮ ಮನೆಯ ಮೆಟ್ಟಿಲ ಮೇಲೆ ಅವಳ ರಕ್ತಚಂದನದ ಜೋಡಿಯೂ ನಮ್ಮದರ ಪಕ್ಕದಲ್ಲಿ ಕುಳಿತಿತ್ತು.

ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ ಕಂಡಿತು. ಶೆಟ್ಟಿಯನ್ನು ಎಸೆದಿರಬಹುದೆಂದು ನಾವು ಭಾವಿಸಿದ್ದೆವು. ಅಳಿಯಂದಿರು ಅಂಟು ಹಚ್ಚಿ ತಲೆಯನ್ನು ಕೂಡಿಸಿದ್ದರು; ತುಸು ವಾರೆಯಾಗಿತ್ತು. ಬಿರುಕು ಕಾಣದಂತೆ ಮೊಮ್ಮಗಳು ಅವನ ಕೊರಳಿಗೆ ಕೆಂಪು ದಾರದ ಸರವೊಂದನ್ನು ಹಾಕಿದ್ದಳು. ಮುಂದೆ ಅಲ್ಲಿಯ ಅಂಗಡಿಯಲ್ಲಿಯೇ ಕೊಂಡ ಅಕ್ಕಿಬೇಳೆಗಳ ರಾಶಿ. "ಅಜ್ಜಿ, ನಮ್ಮ ಶೆಟ್ಟರು ತಲೆ ಓರೆಮಾಡಿ ತಕ್ಕಡಿಯನ್ನೇ ನೋಡುತ್ತಾರೆ" ಎಂದಳು ಆ ಮಗು. ಅತ್ತೆಯವರಿದ್ದಿದ್ದರೆ ಬಹಳ ನಗುತ್ತಿದ್ದರು.

ಮುಂದಿನ ತಿಂಗಳು, ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಒಳಗಿಡುವಾಗ ಹುಳುಗಳು ಮುಟ್ಟದಂತೆ ಕಾಪಾಡುವ ವಿಧಾನವನ್ನು ಬರೆಯುವೆವು.